ಅರಿಶಿನದ ಕೊಂಬು ಕೇಳದ ಹೆಂಡತಿ

ಮುಂದೆ ರೈಲ್ವೆ ಗೇಟು ಬೀಳುತ್ತಿತ್ತು.

ಹಿಂದೆ ಬಿಳಿ ಸ್ಕಾರ್ಪಿಯೋ ಬರುತ್ತಿತ್ತು.

ನಡುವೆ ನನ್ನ ಹಳೇ ಸ್ಕೂಟರ್. ಹಿಂದಿನ ಸೀಟಿನಲ್ಲಿ ಇಪ್ಪತ್ತಮೂರರ ಹುಡುಗಿ. ಅವಳ ಕೊರಳಲ್ಲಿ ಅವಳದಲ್ಲದ ತಾಳಿ!

"ಮೇಡಂ, ಗೇಟ್ ಹಾಕ್ತಾವ್ರೆ!"

"ಕಾಣ್ತಿದೆ."

"ನಿಲ್ಸಿ ಮೇಡಂ!"

"ನಿಲ್ಸಿದ್ರೆ ನಿನ್ ಹೊಟ್ಟೆ ಕುಯ್ಯೋದು ಗ್ಯಾರಂಟಿ. ತಲೆ ಬಗ್ಸು!"

ಬಗ್ಗಿಸಿದಳು. ನಾನೂ ಬಗ್ಗಿದೆ. ಕೆಂಪು ಬಿಳಿ ಪಟ್ಟಿಯ ಕಂಬ ನನ್ನ ಹೆಲ್ಮೆಟ್ಟಿನ ನೆತ್ತಿ ಸವರಿತು. ಸ್ಕೂಟರು ಹಳಿಗಳ ಮೇಲೆ ಎಗರಿ ಎಗರಿ ಬಿತ್ತು. ಆಚೆ ಗೇಟಿನ ಸಂದಿಯಲ್ಲಿ ಹೇಗೋ ನುಸುಳಿದೆ... ಗೇಟ್‌ಮನ್ ಬೈದ ಬೈಗುಳ ನನ್ನ ತಾತನ ತನಕ ಮುಟ್ಟಿತು.

ಅವನದು ತಪ್ಪಿಲ್ಲ. ನೀವು ಯಾವತ್ತೂ ಹಾಗೆ ಮಾಡಬೇಡಿ.

ಹಿಂದೆ ಸ್ಕಾರ್ಪಿಯೋ ಕಿರ್ರೆಂದು ನಿಂತಿತು. ಅದರಿಂದ ಇಳಿದ ದಢೂತಿ ಆಸಾಮಿ ಗೇಟಿನ ಮೇಲೆ ಕೈ ಬಡಿದು ಏನೋ ಕೂಗಿದ. ಕೇಳಿಸಲಿಲ್ಲ. ಗೂಡ್ಸ್ ರೈಲು ಬಂದುಬಿಟ್ಟಿತ್ತು. ಬೋಗಿ, ಬೋಗಿ, ಬೋಗಿ...

ಗೂಡ್ಸ್ ರೈಲನ್ನು ನಾನು ಅಷ್ಟು ಪ್ರೀತಿಯಿಂದ ಯಾವತ್ತೂ ನೋಡಿರಲಿಲ್ಲ.

ಇದು ನಡೆದದ್ದು ನಿಟ್ಟೂರಿನ ಹತ್ತಿರ, ಶನಿವಾರ, ಹಾಡಹಗಲಲ್ಲಿ. ಹೇಗೆ ಶುರುವಾಯಿತು ಎಂದು ಕೇಳುತ್ತೀರಾ? ಒಂದು ಹೊಗಳಿಕೆಯಿಂದ.

ನನ್ನ ಹೆಸರು ಪ್ರೇಮಲತಾ. ಎಂ.ಎಸ್ಸಿ., ಬಯೋಕೆಮಿಸ್ಟ್ರಿ. ಮೊದಲು ಲ್ಯಾಬಿನಲ್ಲಿ ರಕ್ತದ ಜೊತೆ ಕೆಲಸ. ಈಗ ರಕ್ತಸಂಬಂಧಗಳ ಜೊತೆ. ರಕ್ತವೇ ವಾಸಿಯಿತ್ತು, ಸುಳ್ಳು ಹೇಳುತ್ತಿರಲಿಲ್ಲ.

ತುಮಕೂರಿನ ಒಂದು ಖಾಸಗಿ ಆಸ್ಪತ್ರೆ, ಲಿವರ್ ಟ್ರಾನ್ಸ್‌ಪ್ಲಾಂಟ್ ವಿಭಾಗ. ಲಿವರ್ ಕೆಟ್ಟವರಿಗೆ ಮನೆಯವರಲ್ಲೊಬ್ಬರು ತಮ್ಮ ಲಿವರಿನ ಅರ್ಧಕ್ಕಿಂತ ಹೆಚ್ಚು ಭಾಗ ಕೊಡುತ್ತಾರೆ. ಉಳಿದ ತುಂಡು ಕೆಲವೇ ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಹಾಗಂತ ಉಗುರು ಕತ್ತರಿಸಿದಷ್ಟು ಸಲೀಸಲ್ಲ. ದಿನವಿಡೀ ನಡೆಯುವ ಆಪರೇಷನ್. ಗಟ್ಟಿಮುಟ್ಟಾಗಿ ನಡೆದುಕೊಂಡು ಒಳಗೆ ಹೋದ ದಾನಿ ಹೆಣವಾಗಿ ಹೊರಗೆ ಬಂದದ್ದೂ ಅಪರೂಪಕ್ಕೆ ಉಂಟು.

ಆದ್ದರಿಂದ ರೋಗಿಯ ಪರ ಇಡೀ ಆಸ್ಪತ್ರೆ. ದಾನಿಯ ಪರ ನಾನೊಬ್ಬಳು. ನನ್ನ ಕೆಲಸವೆಂದರೆ ಒಂದು ಪ್ರಶ್ನೆ. "ನೀವೇ ಕೊಡ್ತಿದೀರಾ, ಇಲ್ಲಾ ಯಾರಾದ್ರೂ ಕೊಡಿಸ್ತಿದಾರಾ?"

ಉತ್ತರ ಬಾಯಲ್ಲಿ ಇರುವುದಿಲ್ಲ. ಹುಡುಕಬೇಕು.

ಕುಣಿಗಲ್ಲಿನ ನಾಗೇಶ್, ವಯಸ್ಸು ನಲವತ್ತೊಂದು. ಹಾರ್ಡ್‌ವೇರ್ ಅಂಗಡಿ. ಕಾಮಾಲೆಯ ವೈರಸ್ ಒಳಗೊಳಗೇ ಲಿವರ್ ತಿಂದು ಮುಗಿಸಿತ್ತು. ದಾನಿ ಹೆಂಡತಿ ಪಲ್ಲವಿ. ಹೆಂಡತಿ ಎಂದರೆ ಕಾನೂನಿನ ಕಣ್ಣಲ್ಲಿ ಹತ್ತಿರದ ಸಂಬಂಧ, ಅಂಗದಾನಕ್ಕೆ ಅನುಮತಿ ಕೊಡುವ ಸಮಿತಿಯ ಮುಂದೆ ನಿಂತು ವಿವರಿಸುವ ತಾಪತ್ರಯವಿಲ್ಲ. ಆಧಾರ್ ಸರಿ. ಮದುವೆ ಫೋಟೋ ಸರಿ. ರಕ್ತದ ಗುಂಪು ಸರಿ. ಸಿ.ಟಿ. ಸ್ಕ್ಯಾನಿನಲ್ಲಿ ಅಳತೆ ಸರಿ, ಕೊಬ್ಬಿನ ಸುಳಿವೇ ಇಲ್ಲ. ಸರ್ಜನ್ ಡಾಕ್ಟರ್ ಸೋಮಶೇಖರ್ ಬಾಯಿ ಚಪ್ಪರಿಸಿದರು.

"ಈ ಲಿವರ್‌ಗೆ ರ‍್ಯಾಂಕ್ ಕೊಡ್ಬಹುದು ಕಣ್ರೀ!"

ಕೊನೆಗೆ ಎಂ.ಆರ್.ಐ., ಪಿತ್ತನಾಳದ ನಕ್ಷೆ ತೆಗೆಯುವುದಕ್ಕೆ. ಅದೂ ಸರಿ ಬಂತು. ಅವತ್ತು ಕ್ಯಾಂಟೀನಿನಲ್ಲಿ ಎಂ.ಆರ್.ಐ. ಟೆಕ್ನಿಶಿಯನ್ ರವಿಕಿರಣ್ ಸಿಕ್ಕ. ಸದಾ ಗೊಣಗುವ ಪ್ರಾಣಿ. ಅವತ್ತು ಮುಖ ಅರಳಿತ್ತು.

"ಮೇಡಂ, ಎಲ್ಲಾ ಹೆಂಗಸ್ರೂ ಆ ಪಲ್ಲವಿ ಥರ ಇದ್ಬಿಟ್ರೆ ನನ್ ಕೆಲ್ಸ ಎಷ್ಟ್ ಸಲೀಸು ಗೊತ್ತಾ?"

"ಏನ್ ಮಾಡಿದ್ರು?"

"ಮೈಮೇಲಿರೋ ಲೋಹ ಎಲ್ಲಾ ತೆಗೀಬೇಕಮ್ಮ ಅಂದೆ. ವಾಚ್ ಬಿಚ್ಚಿದಂಗೆ ತಾಳಿ ಬಿಚ್ಚಿ ಟ್ರೇಗೆ ಹಾಕಿದ್ರು! ಬೇರೆಯವ್ರಾಗಿದ್ರೆ ಅರ್ಧ ಗಂಟೆ ಪುರಾಣ."

ಲೋಟ ನನ್ನ ತುಟಿಯ ಹತ್ತಿರವೇ ನಿಂತಿತು.

"ಅರಿಶಿನದ ಕೊಂಬು ಕೇಳಲಿಲ್ವಾ?"

"ಇಲ್ಲ."

"ದಾರ?"

"ಇಲ್ಲಾರೀ. ಅದಕ್ಕೇ ಹೊಗಳ್ತಿರೋದು!"

ಅವನಿಗೆ ಹೊಳೆಯಲಿಲ್ಲ. ಅವನಿಗಿನ್ನೂ ಮದುವೆಯಾಗಿಲ್ಲ ಬಿಡಿ.

ನಮ್ಮ ಕಡೆ ಮುತ್ತೈದೆ ಸುಮ್ಮಸುಮ್ಮನೆ ತಾಳಿ ತೆಗೆಯುವುದಿಲ್ಲ. ತೆಗೆಯಲೇಬೇಕೆಂದರೆ ಮೊದಲು ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಾಳೆ. ಚಿನ್ನದ್ದು ತೆಗೆಯುವುದು ಆಮೇಲೆ. ಒಂದು ಗಳಿಗೆಯೂ ಕೊರಳು ಬರಿದಾಗಬಾರದು. ಡಬಲ್ ಡಿಗ್ರಿ ಮಾಡಿದವರು, ದೇವರೇ ಇಲ್ಲ ಎನ್ನುವವರು, ಗಂಡನಿಗೆ ಬಾಯಿತುಂಬ ಶಾಪ ಹಾಕುವವರು... ಎಲ್ಲರೂ ಕೇಳುತ್ತಾರೆ. ಎಂ.ಆರ್.ಐ. ಕೋಣೆಯ ಬಾಗಿಲಲ್ಲಿ ಡಬ್ಬಿ ತುಂಬ ಕೊಂಬು, ಪಕ್ಕದಲ್ಲಿ ದಾರದ ಉಂಡೆ ಇಟ್ಟಿರುವುದೇ ಅದಕ್ಕೆ.

ಅದೂ ಗಂಡ ಸಾವಿನ ಹೊಸ್ತಿಲಲ್ಲಿರುವಾಗ!

ವಾಚ್ ಬಿಚ್ಚಿದ ಹಾಗೆ ಬಿಚ್ಚಬೇಕಾದರೆ ಆ ತಾಳಿಯನ್ನು ಅವಳಿಗೆ ಯಾರೂ ಕಟ್ಟಿಲ್ಲ!

ಮಾರನೇ ದಿನ ಕರೆಸಿದೆ. ಜೊತೆಗೆ ನಾಗೇಶನ ಅಣ್ಣ ತಿಮ್ಮರಾಜು ಬಂದ. ಇಸ್ತ್ರಿ ಮುರಿಯದ ಬಿಳಿ ಷರ್ಟು, ಬಾಗಿಲು ತುಂಬುವ ಎದೆ. ಮನೆ, ಅಂಗಡಿ, ತಮ್ಮ, ತಮ್ಮನ ಹೆಂಡತಿ... ಎಲ್ಲ ಅವನ ಸುಪರ್ದು.

"ನಾನೂ ಕೂತ್ಕೊತೀನಿ."

"ದಾನಿ ಒಬ್ರೇ."

"ನಮ್ಮನೆ ಹೆಣ್ಮಗಳು ಕಣಮ್ಮ."

"ಇದು ನನ್ ರೂಮಿನ ಬಾಗಿಲು ಕಣಪ್ಪ."

ಮುಚ್ಚಿದೆ.

ಹುಡುಗಿ ಕುರ್ಚಿಯ ತುದಿಯಲ್ಲಿ ಕೂತಳು. ಸೀರೆ ಉಟ್ಟು ಅಭ್ಯಾಸವಿಲ್ಲದ ಮೈ.

"ಎಷ್ಟು ಮಕ್ಳು ಪಲ್ಲವಿ?"

"ಎರಡು."

"ಹೆರಿಗೆ?"

ತಡವರಿಸಿದಳು. ಹೇಳಿಕೊಟ್ಟದ್ದು ನೆನಪಿಗೆ ಬಂತು. "ಸಿಸೇರಿಯನ್. ಎರಡೂ."

"ಗಾಯದ ಗುರುತು ನೋಡ್ಬೇಕಲ್ಲ."

ಸೆರಗು ಬಿಗಿಹಿಡಿದಳು.

"ಮಕ್ಳ ಹೆಸರು ಕೇಳಲ್ಲ, ಅದು ನಿಂಗೆ ಬಾಯಿಪಾಠ ಆಗಿರತ್ತೆ. ನಿನ್ ಹೆಸರೇನು?"

ಕಣ್ಣು ತುಂಬಿತು. ಬಾಯಿ ತೆರೆಯಿತು...

ಬಾಗಿಲು ದಡದಡ! "ಆಯ್ತೇನ್ರೀ? ಎಷ್ಟೊತ್ತು?"

ಬಾಯಿ ಮುಚ್ಚಿತು.

ಆಗಲೇ ಕೂಗಾಡಿ ರಂಪ ಮಾಡಬಹುದಿತ್ತು. ಮಾಡಿದ್ದರೆ, ಪಕ್ಕದಲ್ಲಿ ಅವನು ನಿಂತಿರುವಾಗ, "ಹೂಂ, ನಾನೇ ಹೆಂಡ್ತಿ" ಎನ್ನುತ್ತಿದ್ದಳು. ಇಲ್ಲಿ ಬೇಡವೆಂದರೆ ಅದೇ ಆಧಾರ್ ಹಿಡಿದು ಇನ್ನೊಂದು ಊರಿನ ಆಸ್ಪತ್ರೆ. ಇನ್ನೊಂದು ಎಂ.ಆರ್.ಐ. ಬೇಕಿರುವುದು ಆಪರೇಷನ್ ನಿಲ್ಲಿಸುವುದಲ್ಲ, ಈ ಹುಡುಗಿಯ ಬಾಯಿ.

ಅವಳು ಏಳುವಾಗ ಅಂಗೈಗೆ ಒಂದು ಅರಿಶಿನದ ಕೊಂಬು ಒತ್ತಿದೆ. ಅದಕ್ಕೆ ಸುತ್ತಿದ ಚೀಟಿಯಲ್ಲಿ ನನ್ನ ಫೋನ್ ನಂಬರ್.

"ಇನ್ನೊಂದ್ಸಲ ತಾಳಿ ತೆಗೆಯೋವಾಗ ಮೊದ್ಲು ಇದನ್ನ ಕಟ್ಕೊಬೇಕು. ಯಾರೂ ಹೇಳ್ಕೊಟ್ಟಿಲ್ವಾ?"

ಮುಖ ಬಿಳುಚಿತು. ಅರ್ಥವಾಯಿತು.

ಡಾಕ್ಟರ್ ಸೋಮಶೇಖರ್‌ಗೆ ಎಲ್ಲ ಹೇಳಿದೆ. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ಆ ಹುಡುಗಿ ತನ್ನ ಬಾಯಲ್ಲಿ ಹೇಳೋವರೆಗೂ ನಾನು ಗ್ಲೌಸ್ ಹಾಕಲ್ಲ" ಎಂದರು. ಅಷ್ಟರಲ್ಲಿ ತಿಮ್ಮರಾಜುಗೆ ವಾಸನೆ ಹತ್ತಿತ್ತು. ಹುಡುಗಿ ಮಾಯ!

ಶನಿವಾರ ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ಮೇಡಂ... ಕೊಂಬು ಕೊಟ್ರಲ್ಲ, ನಾನು."

"ಹೆಸರು?"

"ಸಂಧ್ಯಾ. ಪಲ್ಲವಿ ನಮ್ಮಕ್ಕ."

"ಎಲ್ಲಿದೀಯ?"

"ನಿಟ್ಟೂರ್ ಹತ್ರ. ತಿಮ್ಮರಾಜಣ್ಣನ ಮಾವನ ತೋಟ. ನನ್ ಫೋನ್ ಕಿತ್ಕೊಂಡವ್ರೆ, ಇದು ಕಾಯಿ ಸುಲಿಯೋರ್ದು. ಸೋಮವಾರ ಬೇರೆ ಊರ್ ಆಸ್ಪತ್ರೆಗೆ ಸೇರುಸ್ತಾರಂತೆ ಮೇಡಂ..."

"ನಿಂಗೆ ಹೋಗಕ್ಕೆ ಇಷ್ಟ ಇದ್ಯಾ?"

"ನಂಗೆ ಇಲ್ಲಿಂದ ಆಚೆ ಬರಕ್ ಇಷ್ಟ ಇದೆ!"

ನನಗೆ ಅಷ್ಟು ಸಾಕು. ಪೊಲೀಸರಿಗೆ ಸಂಬಂಧ ಬಿಡಿಸಿ ಹೇಳುವಷ್ಟರಲ್ಲಿ ಅವಳನ್ನು ಇನ್ನೆಲ್ಲಿಗೋ ಸಾಗಿಸಿರುತ್ತಾರೆ. ಸ್ಕೂಟರಿಗೆ ಟ್ಯಾಂಕ್ ತುಂಬಿಸಿದೆ. ಸುಲಿಯುವವರಿಗೆ ನೀರು ಕೊಟ್ಟು ಬರುತ್ತೇನೆಂದು ಬಿಂದಿಗೆ ಹಿಡಿದು ಹೊರಟ ಸಂಧ್ಯಾ, ಬಿಂದಿಗೆಯನ್ನು ಬೇಲಿಯ ಹತ್ತಿರ ಬಿಟ್ಟು ರಸ್ತೆಗೆ ಓಡಿ ಬಂದಳು. ಅವಳು ಹತ್ತಿ ಕೂರುವುದಕ್ಕೂ ಹಿಂದೆ ತೋಟದ ದಾರಿಯಿಂದ ತಿಮ್ಮರಾಜುವಿನ ಸ್ಕಾರ್ಪಿಯೋ ತಿರುಗುವುದಕ್ಕೂ ಸರಿಹೋಯಿತು.

ಉಳಿದದ್ದು ಗೇಟ್‌ಮನ್ ಹೇಳಬೇಕು!

ಗುಬ್ಬಿಯ ಒಂದು ಹೋಟೆಲಿನಲ್ಲಿ ಕೂತೆವು. ನನಗೊಂದು ಕಾಫಿ ಹೇಳಿದೆ. ಸಂಧ್ಯಾ ಎರಡನೇ ತಟ್ಟೆ ಇಡ್ಲಿಯಲ್ಲಿದ್ದಳು. ಫೋನ್ ಹೊಡೆದುಕೊಂಡಿತು.

"ಏಯ್! ಎಲ್ಲಿದೀಯಮ್ಮ ನೀನು?" ತಿಮ್ಮರಾಜು.

"ಕಾಫಿ ಕುಡೀತಿದೀನಿ."

"ಕಿಡ್ನಾಪ್ ಕೇಸ್ ಜಡಿಸ್ತೀನಿ! ಒಳಗ್ ಹಾಕುಸ್ತೀನಿ ನಿನ್ನ!"

"ಹಾಕ್ಸಿ. ಕಂಪ್ಲೇಂಟ್‌ನಲ್ಲಿ ಯಾರ ಹೆಸರು ಬರೆಸ್ತೀರಿ? ಕಾಣೆಯಾಗಿರೋದು ಪಲ್ಲವಿನಾ, ಸಂಧ್ಯಾನಾ?"

"ಪಲ್ಲ... ಸಂ... ಏಯ್!"

"ನಿಧಾನವಾಗಿ ಯೋಚ್ನೆ ಮಾಡಿ. ಆಮೇಲೆ ಪಲ್ಲವಿಯವ್ರನ್ನ ಆಸ್ಪತ್ರೆಗೆ ಕರ್ಕೊಂಡ್ ಬನ್ನಿ. ಈ ಸಲ ಒರಿಜಿನಲ್ ಪಲ್ಲವಿ."

ಸಂಧ್ಯಾ ಚಟ್ನಿ ನೆತ್ತಿಗೇರುವ ಹಾಗೆ ನಕ್ಕಳು. ನಗು ಮುಗಿಯುವಷ್ಟರಲ್ಲಿ ಅಳು ಬಂತು. ಅಳು ಮುಗಿಯುವಷ್ಟರಲ್ಲಿ ಮಾತು.

"ಅಕ್ಕಂಗೆ ಬೆಂಗ್ಳೂರಲ್ಲಿ ಟೆಸ್ಟ್ ಮಾಡ್ಸಿದ್ರು. ಲಿವರಲ್ಲಿ ಕೊಬ್ಬು ಜಾಸ್ತಿ, ಆಗಲ್ಲ ಅಂದ್ರು. ತಿಮ್ಮರಾಜಣ್ಣ ಸೀದಾ ನಮ್ಮೂರು ಚೇಳೂರಿಗೆ ಬಂದು ಅಮ್ಮನ ಮುಂದೆ ಕೂತ್ರು. ದೊಡ್ಡೋಳ ತಾಳಿ ಉಳೀಬೇಕು ಅಂದ್ರೆ ಚಿಕ್ಕೋಳ್ನ ಕಳ್ಸಿ ಅಂದ್ರು. ನಾದಿನಿ ಅಂತ ಹೇಳುದ್ರೆ ಸಮಿತಿ ಗಿಮಿತಿ, ಊರಿಗೆಲ್ಲ ಗೊತ್ತಾಗತ್ತೆ. ಹೊಟ್ಟೆ ಕುಯ್ದಿರೋ ಹುಡ್ಗೀನ ಯಾರ್ ಮದ್ವೆ ಆಯ್ತಾರೆ? ಅಕ್ಕನ ಹೆಸರಲ್ಲೇ ಆಗೋಗ್ಲಿ ಅಂದ್ರು."

"ಹೆಸರು ಅಕ್ಕಂದು. ಗಾಯ ಯಾರ ಹೊಟ್ಟೆ ಮೇಲೆ ಬರತ್ತೆ ಅಂದ್ಕೊಂಡಿದ್ರು?"

"ಅಷ್ಟ್ ದೂರ ಯಾರೂ ಯೋಚ್ನೆ ಮಾಡ್ಲಿಲ್ಲ ಮೇಡಂ."

ಮೇಲೆ ಸದ್ದಾಯಿತು. ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಕಡೆಯಿಂದ ಒಂದು ಹೆಲಿಕಾಪ್ಟರ್ ಹೊಸದಾಗಿ ರೆಕ್ಕೆ ಬಲಿಯುತ್ತಿರುವ ಹಕ್ಕಿಯ ಹಾಗೆ ಸುತ್ತು ಹಾಕುತ್ತಿತ್ತು. ಅವಳು ಬಾಗಿ ಕಿಟಕಿಯಿಂದ ನೋಡಿದಳು.

"ಅಲ್ಲಿ ಅಪ್ರೆಂಟಿಸ್‌ಗೆ ಸೆಲೆಕ್ಟ್ ಆಗಿದೀನಿ. ಡಿಪ್ಲೊಮಾ ಮೆಕ್ಯಾನಿಕಲ್. ಮೆಡಿಕಲ್ ಟೆಸ್ಟ್ ಬಾಕಿ ಇದೆ. ತಿಮ್ಮರಾಜಣ್ಣಂಗೆ ಹೇಳ್ದೆ. 'ಏನೇ, ಹೆಲಿಕಾಪ್ಟರ್ ಓಡುಸ್ತೀಯೇನೇ' ಅಂತ ನಕ್ರು. ಓಡ್ಸಲ್ಲ, ರಿಪೇರಿ ಮಾಡ್ತೀನಿ ಅಂದೆ. ಅದಕ್ ಇನ್ನೂ ಜೋರಾಗಿ ನಕ್ರು."

"ಭಾವನ ಮೇಲೆ ಕೋಪನಾ?"

"ಭಾವ ಒಳ್ಳೇವ್ರು ಮೇಡಂ. ನಂಗೆ ಸ್ಪ್ಯಾನರ್ ಹಿಡಿಯೋದ್ ಕಲ್ಸಿದ್ದೇ ಅವ್ರು. ನನ್ನ ಕೇಳಿದ್ರೆ ಕೊಡ್ತಿದ್ದೆನೋ ಏನೋ." ತಟ್ಟೆ ಸರಿಸಿದಳು. "ಯಾರೂ ಕೇಳಲಿಲ್ಲ. ಮರದಿಂದ ಕಾಯಿ ಇಳಿಸ್ದಂಗೆ ಇಳಿಸ್ಕೊಳಕ್ ಬಂದ್ರು."

"ಈಗ ನಾನು ಕೇಳ್ತಿದೀನಿ. ಕೊಡ್ತೀಯಾ?"

ಹೆಲಿಕಾಪ್ಟರಿನ ಸದ್ದು ಪೂರ್ತಿ ಕರಗುವವರೆಗೆ ಕಿಟಕಿಯಾಚೆ ನೋಡಿದಳು.

"ಇಲ್ಲ."

ಸರಿ. ಇಂಥ 'ಇಲ್ಲ'ಗಳಿಗೆ ನಮ್ಮಲ್ಲೊಂದು ದಾರಿಯಿದೆ. ದಾನಿಗೆ ಮನಸ್ಸಿಲ್ಲವೆಂದು ನಾವು ಮನೆಯವರಿಗೆ ಹೇಳುವುದಿಲ್ಲ. "ವೈದ್ಯಕೀಯವಾಗಿ ಹೊಂದುವುದಿಲ್ಲ" ಎನ್ನುತ್ತೇವೆ, ಅಷ್ಟೇ. ಆಮೇಲೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಆ ಒಂದು ಸಾಲು ಎಷ್ಟೋ ಜನರನ್ನು ಮನೆಯೊಳಗೆ ಬದುಕಿಸಿದೆ. ಅದನ್ನು ಅವಳಿಗೆ ವಿವರಿಸಿದೆ.

"ನಿನ್ ಪಿತ್ತನಾಳ ಸರಿ ಇಲ್ಲ, ಲಿವರ್ ಆಗಿ ಬರಲ್ಲ ಅಂತೀವಿ. ಯಾರೂ ನಿನ್ನ ಬೈಯಲ್ಲ."

ಸಂಧ್ಯಾ ಕೈ ತೊಳೆದು ಬಂದಳು. ಸೆರಗಿನಲ್ಲಿ ಒರೆಸಿಕೊಂಡಳು.

"ಡಾಕ್ಟ್ರು ಚೆನ್ನಾಗಿದೆ ಅಂದ್ರಂತಲ್ಲ?"

"ರ‍್ಯಾಂಕ್ ಕೊಟ್ಟಿದಾರೆ."

"ಮತ್ಯಾಕ್ ಮೇಡಂ ಸುಮ್ನೆ ನನ್ ಲಿವರ್‌ಗೆ ಕೆಟ್ಟ ಹೆಸರು? ನಾನೇ ಹೇಳ್ತೀನಿ."

"ಎಲ್ಲರ ಮುಂದೆ?"

"ಮುಂದೇನೇ."

ಇಷ್ಟು ವರ್ಷದಲ್ಲಿ ಆ ದಾರಿಯನ್ನು ಬೇಡ ಎಂದವರನ್ನು ನಾನು ನೋಡಿರಲಿಲ್ಲ. ನನಗೇ ಸ್ವಲ್ಪ ಹೆದರಿಕೆಯಾಯಿತು.

ಅವತ್ತೇ ಮಧ್ಯಾಹ್ನ, ಆಸ್ಪತ್ರೆಯ ಕೌನ್ಸೆಲಿಂಗ್ ಕೋಣೆ. ಮೂಲೆಯಲ್ಲಿ ಪಲ್ಲವಿ. ಅಕ್ಕತಂಗಿಯರದು ಒಂದೇ ಅಚ್ಚು, ಅಕ್ಕ ಒಂದು ಸುತ್ತು ದಪ್ಪ. ಗಾಲಿಕುರ್ಚಿಯಲ್ಲಿ ನಾಗೇಶ್. ಕಣ್ಣು ಅರಿಶಿನದ ನೀರಿನಲ್ಲಿ ಅದ್ದಿದ ಹಾಗೆ. ಪಕ್ಕದಲ್ಲಿ ಡಾಕ್ಟರ್ ಸೋಮಶೇಖರ್. ಬಾಗಿಲಿಗೆ ಒರಗಿ ತಿಮ್ಮರಾಜು.

ಸಂಧ್ಯಾ ಕೊರಳಿನ ತಾಳಿ ತೆಗೆದು ಅಕ್ಕನ ಕೈಗಿಟ್ಟಳು. "ತಗೋ. ನಿಂದು."

ನಾಗೇಶ್ ಒಬ್ಬೊಬ್ಬರ ಮುಖವನ್ನೂ ನೋಡಿದ. "ಏನಿದು? ಪಲ್ಲವಿ ಕೊಡ್ತಾಳೆ ಅಂದ್ರಲ್ಲ ನಂಗೆ?"

ಅವನಿಗೆ ಗೊತ್ತಿರಲಿಲ್ಲ!

"ಟೆಸ್ಟ್ ಎಲ್ಲಾ ಮಾಡ್ಸಿದ್ದು ನಂಗೆ ಭಾವ" ಎಂದಳು ಸಂಧ್ಯಾ. "ನನ್ ಲಿವರ್ ನಿಮ್ಗೆ ಹೊಂದತ್ತೆ. ಕೊಡಲ್ಲ."

ತಿಮ್ಮರಾಜು ಕೈ ಎತ್ತಿದ. "ಏನೇ ಅಂದೆ? ಮನೆಹಾಳಿ..."

ನಾನು ನಡುವೆ ನಿಂತೆ. "ಹೊಡೀರಿ ಸಾರ್. ಇಲ್ಲಿ ಕ್ಯಾಮೆರಾ ಇದೆ. ಈ ಆ್ಯಂಗಲ್‌ನಲ್ಲಿ ನಿಮ್ ಮುಖ ಚೆನ್ನಾಗಿ ಬರತ್ತೆ."

ಕೈ ಇಳಿಯಿತು. ಆಗ ನಾಗೇಶ್ ಮಾತಾಡಿದ. ಕೂಗಲಿಲ್ಲ. ಕೂಗುವ ಶಕ್ತಿ ಇರಲಿಲ್ಲ.

"ಹಂಗಾದ್ರೆ ನಾನ್ ಸಾಯ್ಬೇಕೇನವ್ವ?"

ಸ್ಕಾರ್ಪಿಯೋಗೆ ನಾನು ಹೆದರಿರಲಿಲ್ಲ. ಈ ಪ್ರಶ್ನೆಗೆ ಹೆದರಿದೆ. ಇಲ್ಲಿಯೇ ಎಲ್ಲರೂ ಕುಸಿಯುವುದು. ಸಂಧ್ಯಾ ಎರಡು ಹೆಜ್ಜೆ ಇಟ್ಟಳು. ಗಾಲಿಕುರ್ಚಿಯ ಮುಂದೆ ಮಂಡಿಯೂರಿ ಕೂತಳು.

"ಸಾಯ್ಬೇಡಿ ಭಾವ. ಆದ್ರೆ ನನ್ನ ಕೇಳ್ದೆ ಬದುಕ್ಬೇಡಿ."

ಅವಳು ಎದ್ದು ತಿಮ್ಮರಾಜು ಕಡೆ ತಿರುಗಿದಳು.

"ಅಣ್ಣ, ನಿಮ್ ಬ್ಲಡ್ ಗ್ರೂಪ್ ಯಾವ್ದು?"

"ಅದೆಲ್ಲಾ ನಿಂಗ್ಯಾಕೆ?"

"ಓ ಪಾಸಿಟಿವ್." ಹೇಳಿದ್ದು ಪಲ್ಲವಿ! ಮೂಲೆಯಿಂದ, ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು. "ಇವ್ರ್ದೂ ಅದೇ. ಅಣ್ಣತಮ್ಮ ಇಬ್ರುದೂ ಒಂದೇ. ನಂಗೆ ಮೊದ್ಲಿಂದ ಗೊತ್ತು. ಯಾವತ್ತೂ ಬಾಯ್ಬಿಡ್ಲಿಲ್ಲ ನಾನು."

"ನಾನು ಮನೆ ಯಜಮಾನ ಕಣಮ್ಮ! ನಂಗೇನಾದ್ರೂ ಆದ್ರೆ..." ತಿಮ್ಮರಾಜು ಸುತ್ತ ನೋಡಿದ. ಯಾರೂ ಕಣ್ಣು ತಪ್ಪಿಸಲಿಲ್ಲ. "ಶುಗರ್ ಇರ್ಬೇಕು ನಂಗೆ... ಇರತ್ತೆ..."

"ನೋಡೇ ಬಿಡೋಣ" ಎಂದರು ಡಾಕ್ಟರ್. "ಒಂದು ಸಿರಿಂಜ್ ರಕ್ತ ಸಾಕು."

"ಒಂದ್ ಕಾಫಿ ಕುಡ್ಕೊಂಡ್ ಬಂದ್ಬಿಡ್ತೀನಿ ಸಾರ್."

ಹೋದ. ಸ್ಕಾರ್ಪಿಯೋ ಸ್ಟಾರ್ಟ್ ಆದ ಸದ್ದು ಮೊದಲ ಮಹಡಿಗೂ ಕೇಳಿಸಿತು.

ನಾಗೇಶ್ ಬಾಗಿಲನ್ನೇ ನೋಡುತ್ತಿದ್ದ. ಪಲ್ಲವಿ ಗಂಡನ ಕುರ್ಚಿಯ ಹತ್ತಿರ ಬಂದಳು. "ನನ್ ಕೊಬ್ಬು ಇಳಿಸ್ಬೋದಾ ಡಾಕ್ಟ್ರೇ?"

"ತೂಕ ಇಳಿದ್ರೆ ಲಿವರ್ ಕೊಬ್ಬೂ ಇಳಿಯತ್ತೆ. ಎರಡು ತಿಂಗಳು ಒದ್ದಾಡಬೇಕು. ಅಲ್ಲೀವರೆಗೂ ಇವ್ರನ್ನ ಹಿಡಿದಿಟ್ಕೊಳಕ್ಕೆ ನಾವು ಒದ್ದಾಡ್ತೀವಿ. ಮಾತು ಕೊಡಲ್ಲ."

"ಒದ್ದಾಡ್ತೀನಿ."

"ಸೋಮವಾರ ನನ್ ರೂಮಿಗೆ ಒಬ್ರೇ ಬನ್ನಿ" ಎಂದೆ. "ಅದನ್ನೇ ನನ್ನ ಮುಂದೆ ಇನ್ನೊಂದ್ಸಲ ಹೇಳ್ಬೇಕು. ಯಾರೂ ಪಕ್ಕದಲ್ಲಿ ಇಲ್ದೇ ಇರೋವಾಗ."

ಸುಳ್ಳು ಗುರುತಿನ ವಿಷಯ ಸಂಜೆಯೇ ಪೊಲೀಸರಿಗೆ ಹೋಯಿತು. ನಮ್ಮ ಆಸ್ಪತ್ರೆ ಅದನ್ನು ಮೊದಲೇ ಹಿಡಿಯಲಿಲ್ಲ ಏಕೆಂದು ವಿಚಾರಣೆಯೂ ಶುರುವಾಯಿತು. ಆಗಲಿ.

ಎಲ್ಲರೂ ಹೋದ ಮೇಲೆ ಡಾಕ್ಟರ್ ಸೋಮಶೇಖರ್ ಕಂಪ್ಯೂಟರ್ ಮುಂದೆ ಕೂತರು. ಸಂಧ್ಯಾಳ ಕೇಸು ಮುಚ್ಚಬೇಕಿತ್ತು.

"ಪ್ರೇಮಲತಾ, ದಾನಿನ ಕೈಬಿಟ್ಟಿದ್ದಕ್ಕೆ ಕಾರಣ ಏನಂತ ಹಾಕ್ಲಿ? ಮಾಮೂಲಿ ವೈದ್ಯಕೀಯ ಕಾರಣನಾ?"

"ಬೇಡ ಸಾರ್. ಇದ್ದದ್ದು ಇದ್ದ ಹಾಗೆ ಹಾಕಿ. ಲಿವರ್ ಫಸ್ಟ್ ಕ್ಲಾಸ್... ಓನರ್ ಒಪ್ಪಿಲ್ಲ!"